ಕೀಮೊ ಆಗಿ ಇಂದು ಎಷ್ಟನೇ ದಿನ?

ಕೇಳುಗರಿಗೆ ನಮಸ್ಕಾರ.

ಕ್ಯಾನ್ಸರಿನ ಕಣಗಳನ್ನು ಕೊಲ್ಲುವ ಔಷಧಿ, ಅಂದರೆ ಕೀಮೊ, ಕೊಟ್ಟ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಒಂದನೇ ದಿನ ಎಂದು ಗುರುತು ಹಾಕಿಕೊಳ್ಳಿ. ಕಷಾಯ ಕುಡಿಯಬಹುದೇ, ಎನಿಮಾ ತೆಗೆದುಕೊಳ್ಳಬಹುದೇ, ಹಸಿ ತರಕಾರಿಯ ರಸ ಆದೀತೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲಿಂದಲೇ ಎಣಿಕೆಯಾಗಬೇಕು. ಪ್ರಕೃತಿ ಚಿಕಿತ್ಸೆ, ಯೋಗ, ಪಥ್ಯ ಇವು ಗೆಡ್ಡೆಯನ್ನು ಕರಗಿಸುವುದಿಲ್ಲ. ಚಿಕಿತ್ಸೆಯನ್ನು ತಾಳಿಕೊಳ್ಳಲು ದೇಹಕ್ಕೆ ನೆರವಾಗುತ್ತವೆ, ಅದೂ ಸರಿಯಾದ ದಿನ ಮಾಡಿದರೆ ಮಾತ್ರ.

ಮೊದಲ ಮೂರ್ನಾಲ್ಕು ದಿನ ಓಕರಿಕೆಯ ಕಾಟ. ಶುಂಠಿಯ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡದೊಂದು ಪರೀಕ್ಷೆಯ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಕೀಮೊಗೆ ಮೂರು ದಿನ ಮೊದಲೇ ಶುರುಮಾಡಿ, ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ತೆಗೆದುಕೊಂಡವರಿಗೆ ಓಕರಿಕೆ ಕಡಿಮೆಯಾಯಿತು. ಒಂದೂವರೆ ಗ್ರಾಂ ಕೊಟ್ಟಾಗ ಹೆಚ್ಚಿನ ಲಾಭ ಸಿಗಲಿಲ್ಲ. ಒಂದು ಗ್ರಾಂ ಎಂದರೆ ಒಣಶುಂಠಿ ಪುಡಿ ಸುಮಾರು ಅರ್ಧ ಟೀ ಚಮಚ. ಅವರೆಲ್ಲ ವೈದ್ಯರು ಕೊಟ್ಟ ವಾಂತಿ ಮಾತ್ರೆಯನ್ನೂ ನುಂಗುತ್ತಿದ್ದರು ಎಂಬುದು ಮುಖ್ಯ. ಶುಂಠಿ ಆ ಮಾತ್ರೆಗೆ ಬದಲಿಯಲ್ಲ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಪ್ಲೇಟ್ಲೆಟ್ ಇಳಿದವರು ವೈದ್ಯರನ್ನು ಕೇಳದೆ ಶುಂಠಿ ಪುಡಿ ಮುಟ್ಟಬಾರದು. ಒತ್ತು ಚಿಕಿತ್ಸೆಯನ್ನು ಯಾರು ಬೇಕಾದರೂ ಮಾಡಿ ನೋಡಬಹುದು: ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಒಳಭಾಗದಲ್ಲಿ ಎರಡು ಸ್ನಾಯುಹುರಿಗಳ ನಡುವೆ, ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ.

ಏಳರಿಂದ ಹದಿನಾಲ್ಕನೇ ದಿನದ ತನಕ ಬಹಳಷ್ಟು ಕೀಮೊಗಳಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣದ ಸಂಖ್ಯೆ ತಳ ಮುಟ್ಟಿರುತ್ತದೆ. ವಾಂತಿ ನಿಂತು, ರೋಗಿ ಎದ್ದು ಓಡಾಡುತ್ತಾರೆ. ಮನೆಯವರಿಗೂ ಧೈರ್ಯ ಬಂದಿರುತ್ತದೆ. ಎಡವಟ್ಟಾಗುವುದು ಆಗಲೇ. ಪ್ರಕೃತಿ ಚಿಕಿತ್ಸೆಯಲ್ಲಿ ಬೆಳಗ್ಗೆ ಬೂದುಗುಂಬಳದ ರಸ, ಗೋಧಿಹುಲ್ಲಿನ ರಸ ಕೊಡುವ ರೂಢಿಯಿದೆ. ಹಸಿ ಹುಲ್ಲಿಗೆ, ಸಿಪ್ಪೆಗೆ ಅಂಟಿದ ಮಣ್ಣಿನ ಕ್ರಿಮಿ ಆರೋಗ್ಯವಂತರಿಗೆ ಏನೂ ಮಾಡಲಿಕ್ಕಿಲ್ಲ, ಈ ವಾರದಲ್ಲಿ ಅದು ರಕ್ತಕ್ಕೇ ಇಳಿಯಬಹುದು. ಬೂದುಗುಂಬಳವನ್ನು ಬೇಯಿಸಿ ಮಜ್ಜಿಗೆಹುಳಿ ಮಾಡಿ ಬಡಿಸಿ. ಎನಿಮಾ ಅಂತೂ ಬೇಡವೇ ಬೇಡ: ಗುದದ್ವಾರದಲ್ಲಿ ಕಣ್ಣಿಗೆ ಕಾಣದ ಒಂದು ಗೀರಾದರೂ ಸೋಂಕಿಗೆ ಬಾಗಿಲು ತೆರೆದಂತೆ.

ಈ ದಿನಗಳಲ್ಲಿ ಥರ್ಮಾಮೀಟರ್ ಹಾಸಿಗೆಯ ಪಕ್ಕದಲ್ಲೇ ಇರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೋ, ಅದು ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಪ್ಯಾರಸಿಟಮಾಲ್ ನುಂಗಿ, ಇಲ್ಲವೇ ಅಮೃತಬಳ್ಳಿ ಕಷಾಯ ಕುಡಿದು ಬೆಳಗಾಗಲಿ ಎಂದು ಕಾಯುವಂತಿಲ್ಲ.

ಬಾಯಿಹುಣ್ಣಿಗೆ ಅಗ್ಗದ, ಒಳ್ಳೆಯ ಉಪಾಯವೊಂದಿದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಊಟವಾದ ಮೇಲೆ, ನಡುನಡುವೆ ಎರಡು ಮೂರು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಿ ಉಗುಳಬೇಕು. ದಿನಾ ಹೊಸದಾಗಿ ಮಾಡಿಕೊಳ್ಳಿ. ಫೈವ್ ಎಫ್‌ಯು ಎಂಬ ಕೀಮೊ ಔಷಧಿಯನ್ನು ಒಮ್ಮೆಲೇ ರಕ್ತನಾಳಕ್ಕೆ ಕೊಡುವಾಗ, ಐದು ನಿಮಿಷ ಮೊದಲಿನಿಂದ ಅರ್ಧ ಗಂಟೆ ಮಂಜುಗಡ್ಡೆಯ ಚೂರು ಚೀಪಿದರೆ ಹುಣ್ಣು ಕಡಿಮೆ. ತಣ್ಣಗಾದ ಬಾಯಿಗೆ ರಕ್ತ ಹರಿಯುವುದು ತಗ್ಗಿ, ಅಷ್ಟರಮಟ್ಟಿಗೆ ಔಷಧಿಯೂ ಅಲ್ಲಿ ಕಡಿಮೆ ಸೇರುತ್ತದೆ. ಆದರೆ ಕರುಳಿನ ಕ್ಯಾನ್ಸರಿಗೆ ಇದರ ಜೊತೆಗೇ ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೊ ಔಷಧಿ ಕೊಡುವುದುಂಟು. ಅದನ್ನು ಕೊಟ್ಟ ಮೇಲೆ ಕೆಲವು ದಿನ ಫ್ರಿಜ್ಜಿನ ನೀರು ತಾಗಿದರೂ ಗಂಟಲು ಹಿಡಿದುಕೊಳ್ಳುತ್ತದೆ, ಬೆರಳು ಜುಮ್ಮೆನ್ನುತ್ತದೆ. ಅವರಿಗೆ ಮಂಜುಗಡ್ಡೆ ಸಲ್ಲದು.

ಇನ್ನು ಎಲೆ, ಬಳ್ಳಿ, ಹಣ್ಣು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಗಿಡವನ್ನು ಸರಿಯಾಗಿ ಗುರುತಿಸಿಲ್ಲ, ಹೋಲುವ ಬೇರೆ ಬಳ್ಳಿಯಾಗಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ವಾದ ಏನೇ ಇರಲಿ, ಬೇಲಿಯ ಮೇಲೆ ಹಬ್ಬಿದ್ದು ಯಾವ ಜಾತಿ ಎಂದು ಮನೆಯಲ್ಲಿ ಖಚಿತವಾಗಿ ಹೇಳುವವರು ಎಷ್ಟು ಜನ? ಯಕೃತ್ತಿನ ರಿಪೋರ್ಟ್ ಕೆಟ್ಟರೆ ಮುಂದಿನ ಕೀಮೊ ಮುಂದಕ್ಕೆ ಹೋಗುತ್ತದೆ.

ಲಕ್ಷ್ಮಣಫಲ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇದೆ. ಅದರ ಸತ್ವ ಗಾಜಿನ ತಟ್ಟೆಯಲ್ಲಿನ ಕ್ಯಾನ್ಸರ್ ಕಣಗಳನ್ನು ಕೊಂದದ್ದು ನಿಜ. ಬ್ಲೀಚಿಂಗ್ ಪುಡಿಯೂ ಕೊಲ್ಲುತ್ತದೆ! ಈ ಗಿಡದಲ್ಲಿರುವ ಅನೊನಾಸಿನ್ ನರಗಳಿಗೆ ವಿಷ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಇದರ ಹಣ್ಣು, ಎಲೆಯ ಕಷಾಯ ಹೆಚ್ಚು ಬಳಸುವವರಲ್ಲಿ ಕೈಕಾಲು ನಡುಗಿ ಬಿಗಿಯಾಗುವ ಪಾರ್ಕಿನ್ಸನ್ ರೋಗವನ್ನು ಹೋಲುವ ಕಾಯಿಲೆ ಕಂಡುಬಂದದ್ದು 1999ರಲ್ಲೇ ಪ್ರಕಟವಾಗಿದೆ. ಪ್ಯಾಕ್ಲಿಟಾಕ್ಸೆಲ್ ಎಂಬ ಕೀಮೊ ಔಷಧಿಯಿಂದ ಕೈಕಾಲು ಮರಗಟ್ಟಿದವರು ದಿನಾ ಈ ಎಲೆ ಕುದಿಸಿ ಕುಡಿಯುವುದನ್ನು ನಾವಂತೂ ಒಪ್ಪುವುದಿಲ್ಲ.

ದೇವನಹಳ್ಳಿ ಚಕ್ಕೋತ ಬಲು ರುಚಿ. ರಕ್ತದ ಕ್ಯಾನ್ಸರಿಗೆ ಕೊಡುವ ಇಮ್ಯಾಟಿನಿಬ್‌ನಂಥ ಮಾತ್ರೆ ನುಂಗುವವರು ಮಾತ್ರ ಅದನ್ನು ದೂರವಿಡಬೇಕು. ಆ ಮಾತ್ರೆಯ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ಬೇಡ ಎಂದಿರುತ್ತದೆ, ಚಕ್ಕೋತ ಅದರ ಹತ್ತಿರದ ಸಂಬಂಧಿ. ಔಷಧಿಯನ್ನು ಒಡೆಯುವ ಕರುಳಿನ ಕಿಣ್ವವನ್ನು ಈ ಹಣ್ಣುಗಳು ತಡೆಹಿಡಿಯುತ್ತವೆ; ರಕ್ತದಲ್ಲಿ ಔಷಧಿಯ ಮಟ್ಟ ಏರುತ್ತದೆ. ಸಾರಿಗೆ ಹಾಕುವ ಅರಿಶಿನಕ್ಕೆ ಅಡ್ಡಿಯಿಲ್ಲ, ಕಾಳುಮೆಣಸಿನ ಸತ್ವ ಬೆರೆಸಿದ ಅರಿಶಿನದ ಗುಳಿಗೆ ಬೇರೆ ಮಾತು.

ಉಪವಾಸ ಮಾಡಿಸಿ ಗೆಡ್ಡೆಯನ್ನು ಹಸಿವಿನಿಂದ ಸಾಯಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಮೊದಲು ಕರಗುವುದು ರೋಗಿಯ ಮಾಂಸಖಂಡ. ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ 50 ಕೆ.ಜಿ. ಇರುವವರಿಗೆ ಕನಿಷ್ಠ 60 ಗ್ರಾಂ. ಐವತ್ತು ಗ್ರಾಂ ರಾಗಿಹಿಟ್ಟಿನ ಗಂಜಿಯಲ್ಲಿ ಸಿಗುವುದು ಮೂರೂವರೆ ಗ್ರಾಂ ಮಾತ್ರ. ಎರಡು ಬೆಂದ ಮೊಟ್ಟೆ, ಅರ್ಧ ಲೀಟರ್ ಹಾಲು, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಅರವತ್ತು ಗ್ರಾಂ ಬೇಳೆ, ಜೊತೆಗೆ ಇನ್ನೂರು ಗ್ರಾಂ ಅಕ್ಕಿ ಅಥವಾ ರಾಗಿ ಸೇರಿದರೆ ಲೆಕ್ಕ ತುಂಬುತ್ತದೆ. ಒಂದೇ ಸಲ ಆಗದು, ಆರು ಸಲ ತಿನ್ನಲಿ. ಅರವತ್ತು ಕೆ.ಜಿ. ಇದ್ದವರು ಮೂರು ಕೆ.ಜಿ. ಇಳಿದರೆ ಆಹಾರ ತಜ್ಞರನ್ನು ಕಾಣಲೇಬೇಕು.

ರೇಡಿಯೇಷನ್ ಬಿದ್ದ ಚರ್ಮದ ಮೇಲೆ ಮಣ್ಣಿನ ಪಟ್ಟಿ, ಬಿಸಿ ಶಾಖ, ಸೂರ್ಯಸ್ನಾನ ಯಾವುದೂ ಕೂಡದು.

ಯೋಗದ ವಿಷಯದಲ್ಲಿ ಸಂತೋಷದ ಸಂಗತಿಯಿದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದೊಂದಿಗೆ ಸೇರಿ ಮಾಡಿದ ಅಧ್ಯಯನ 2014ರಲ್ಲಿ ಬಂತು. ಸ್ತನ ಕ್ಯಾನ್ಸರಿಗೆ ರೇಡಿಯೇಷನ್ ಪಡೆಯುತ್ತಿದ್ದ ಹೆಂಗಸರು ಆರು ವಾರ, ವಾರಕ್ಕೆ ಮೂರು ಸಲ ಯೋಗ ಮಾಡಿದರು. ದಿನನಿತ್ಯದ ಕೆಲಸ ಮಾಡುವ ಶಕ್ತಿ ಅವರಲ್ಲಿ ಉತ್ತಮಗೊಂಡಿತು. ಸುಸ್ತಿಗೆ ಮಲಗಿರುವುದು ಮದ್ದಲ್ಲ, ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ. ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದವರು ಮುಂದೆ ಬಾಗುವ, ತಿರುಚುವ ಆಸನ ಬಿಡಬೇಕು, ಮೂಳೆ ಮುರಿದೀತು. ಹೊಟ್ಟೆಯ ಆಪರೇಷನ್ ಆದವರಿಗೆ ಕಪಾಲಭಾತಿ ಸದ್ಯಕ್ಕೆ ಬೇಡ.

ಕ್ಯಾನ್ಸರ್ ದೂರಕ್ಕೆ ಹರಡಿಲ್ಲದಿದ್ದರೂ ಆಸ್ಪತ್ರೆ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಹಿಡಿದ 281 ಜನರ ಲೆಕ್ಕವನ್ನು ಅಮೆರಿಕದ ಯೇಲ್ ಸಂಶೋಧಕರು ತೆಗೆದಿದ್ದಾರೆ: ಸಾವಿನ ಅಪಾಯ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಪುಡಿ, ಲೇಹ್ಯ, ಗುಳಿಗೆ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲಿಡಿ. ಎಷ್ಟು, ಎಂದಿನಿಂದ ಎಂದು ಚೀಟಿ ಬರೆದಿರಲಿ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ತೋರಿಸಿ. ಬೆಳ್ಳುಳ್ಳಿ ಗುಳಿಗೆಯಂಥವು ರಕ್ತಸ್ರಾವ ಹೆಚ್ಚಿಸುತ್ತವೆ. ಹೆಸರಿಲ್ಲದ ಪುಡಿಯಾದರೆ ಪೊಟ್ಟಣವನ್ನೇ ಒಯ್ಯಿರಿ, ಬೈದಾರು ಎಂದು ಮುಚ್ಚಿಡಬೇಡಿ.

ನಮಸ್ಕಾರ.