ಸಾಕ್ಷಿ ಮಾತಾಡುವಾಗ ಅಧಿಕಾರಿ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ.

ಪೊಲೀಸರಿಗೆ ತರಬೇತಿ ಕೊಡುವವರೇ ಇಲ್ಲಿ ಜಾಸ್ತಿ ಇದ್ದೀರಿ, ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ. ಸಾಕ್ಷಿಯ ಹೇಳಿಕೆ ಹೆಚ್ಚಾಗಿ ಕೆಡುವುದು ಅಧಿಕಾರಿ ನಡುವೆ ಬಾಯಿ ಹಾಕುವುದರಿಂದ.

ಒಂದು ದರೋಡೆ ಕಂಡವರು ಹೇಳುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. "ಅವನು ಓಡಿ ಹೋಗುವಾಗ ಒಂದು ಕಾಲು..." ಅನ್ನುವಷ್ಟರಲ್ಲಿ ಅಧಿಕಾರಿ, "ಶರ್ಟ್ ಯಾವ ಬಣ್ಣ?" "ನೀಲಿ ಇರಬೇಕು ಸಾರ್." "ಎತ್ತರ?" "ಗೊತ್ತಿಲ್ಲ ಸಾರ್, ನನ್ನಷ್ಟೇ ಇದ್ದ ಅನ್ಸುತ್ತೆ." ಹಾಳೆ ತುಂಬಿತು. ಆ ಕಾಲಿನ ಕಥೆ ಏನಾಯ್ತು? ಕುಂಟುತ್ತಿದ್ದನಾ? ಅಧಿಕಾರಿ ಕೇಳಲಿಲ್ಲ, ಸಾಕ್ಷಿಯೂ ಮತ್ತೆ ಹೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರೆ ಸಾಕು ಅಂತ ಅವರೂ ಅಂದುಕೊಂಡುಬಿಡುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸಲ್‌ಮನ್ 1980ರ ದಶಕದಲ್ಲಿ ಇಂಥ ವಿಚಾರಣೆಗಳ ಟೇಪುಗಳನ್ನು ಕೂತು ಕೇಳಿದರು. ಸಾಕ್ಷಿ ಬಾಯಿ ತೆರೆದ ಸರಾಸರಿ 7.5 ಸೆಕೆಂಡಿಗೆ ಅಧಿಕಾರಿ ಅಡ್ಡ ಬಂದಿರುತ್ತಿದ್ದರು! ಅಷ್ಟರಲ್ಲಿ ಒಂದು ವಾಕ್ಯವೂ ಸರಿಯಾಗಿ ಮುಗಿಯಲ್ಲ, ಅಲ್ವಾ?

ಇವರಿಬ್ಬರೂ ರೂಪಿಸಿದ ವಿಧಾನಕ್ಕೆ ಕಾಗ್ನಿಟಿವ್ ಇಂಟರ್‌ವ್ಯೂ ಅಂತಾರೆ. ಮೊದಲು ಸಾಕ್ಷಿ ಮನಸ್ಸಿನಲ್ಲೇ ಆ ಜಾಗಕ್ಕೆ ಹೋಗಬೇಕು: ಎಲ್ಲಿ ನಿಂತಿದ್ದರು, ಬೆಳಕು ಹೇಗಿತ್ತು, ಏನು ಕೇಳಿಸುತ್ತಿತ್ತು, ಎಷ್ಟು ಹೆದರಿದ್ದರು. ಆಮೇಲೆ "ಚಿಕ್ಕದು ಅನ್ಸಿದ್ರೂ ಬಿಡಬೇಡಿ, ಎಲ್ಲಾ ಹೇಳಿ" ಅಂದು ಅಧಿಕಾರಿ ಬಾಯಿ ಮುಚ್ಚಿಕೊಳ್ಳಬೇಕು. ಸಾಕ್ಷಿ ಮಾತು ನಿಲ್ಲಿಸಿದರೂ ಸುಮ್ನೆ ಕಾಯಬೇಕು. ಅವರು ಆಗ ನೆನಪಿಸಿಕೊಳ್ಳುತ್ತಿರುತ್ತಾರೆ. ಬೇಕಾದರೆ ಘಟನೆಯನ್ನು ಕೊನೆಯಿಂದ ಹಿಂದಕ್ಕೂ ಹೇಳಿಸಬಹುದು. ಮಿಯಾಮಿಯ ದರೋಡೆ ಪತ್ತೇದಾರರ ಮೇಲೆ ಇದನ್ನು ಪರೀಕ್ಷಿಸಿದ ವರದಿ 1989ರಲ್ಲಿ ಬಂತು. ತರಬೇತಿ ಪಡೆದವರು ಮೊದಲಿಗಿಂತ ಶೇ. 47ರಷ್ಟು ಹೆಚ್ಚು ಮಾಹಿತಿ ತಂದಿದ್ದರು.

ಇನ್ನು ಪ್ರಶ್ನೆಯ ಒಳಗೇ ಉತ್ತರ ಇಡುವ ಚಾಳಿ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಫಿಲ್ಮ್ ತೋರಿಸಿ, ವೇಗ ಎಷ್ಟಿತ್ತು ಅಂತ ಕೇಳಿದರು. ಕಾರುಗಳು "ತಾಗಿದಾಗ" ಅಂತ 50 ಜನರಿಗೆ, "ಅಪ್ಪಳಿಸಿದಾಗ" ಅಂತ ಇನ್ನೂ 50 ಜನರಿಗೆ. ವಾರದ ನಂತರ, ಗಾಜು ಒಡೆದದ್ದು ನೋಡಿದ್ರಾ ಅಂದರೆ ಮೊದಲ ಗುಂಪಿನಲ್ಲಿ 7 ಜನ, ಎರಡನೆಯದರಲ್ಲಿ 16 ಜನ ಹೌದು ಅಂದರು. ಫಿಲ್ಮ್‌ನಲ್ಲಿ ಒಡೆದ ಗಾಜೇ ಇರಲಿಲ್ಲ. ಅದಕ್ಕೇ "ಅವನ ಕೈಲಿ ಚಾಕು ಇತ್ತಾ?" ಅನ್ನಬೇಡಿ. "ಅವನ ಕೈಗಳ ಬಗ್ಗೆ ಹೇಳಿ" ಅನ್ನಿ.

ಇದೆಲ್ಲ ಸ್ಲೈಡ್ ತೋರಿಸಿ ಕಲಿಸುವಂಥದ್ದಲ್ಲ. ಈ ನನ್ನ ಭಾಷಣದಿಂದಂತೂ ಖಂಡಿತ ಬರಲ್ಲ. ಅಧಿಕಾರಿಯ ಒಂದು ವಿಚಾರಣೆ ರೆಕಾರ್ಡ್ ಮಾಡಿ, ಜೊತೆಯಲ್ಲೇ ಕೂತು ಕೇಳಿಸಿ. ಎಲ್ಲೆಲ್ಲಿ ಅಡ್ಡ ಬಂದರು ಅಂತ ಅವರೇ ಗುರುತು ಹಾಕಲಿ. ಕೆಲವು ತಿಂಗಳು ಬಿಟ್ಟು ಮತ್ತೆ ಮಾಡಿಸಿ, ಯಾಕಂದ್ರೆ ಹಳೇ ಚಾಳಿ ಬೇಗ ವಾಪಸ್ ಬರುತ್ತೆ.

"ಅಷ್ಟು ಟೈಮ್ ಎಲ್ಲಿದೆ?" ಅಂತ ಕೇಳ್ತೀರಿ, ಗೊತ್ತು. ಆರೋಪಿ ಇನ್ನೂ ಓಡುತ್ತಿದ್ದರೆ ಚುಟುಕು ಪ್ರಶ್ನೆಗಳನ್ನೇ ಕೇಳಿ, ತಪ್ಪಿಲ್ಲ. ಆದರೆ ಅಷ್ಟಕ್ಕೇ ಫೈಲ್ ಮುಚ್ಚದೆ ಆವತ್ತೋ ಮರುದಿನವೋ ಸಾಕ್ಷಿಯನ್ನು ಸಮಾಧಾನವಾಗಿ ಕೂರಿಸಿಕೊಳ್ಳಿ. ಹೊರಡುವಾಗ ನಿಮ್ಮ ಫೋನ್ ನಂಬರ್ ಕೊಡಿ. ಮನೆಗೆ ಹೋದ ಮೇಲೂ ಕೆಲವು ವಿಷಯ ನೆನಪಿಗೆ ಬರುತ್ತವೆ.