ಬಿಳಿ ಶಂಖದ ಬಣ್ಣದಿಂದ ಶೂನ್ಯತೆಯವರೆಗೆ

ಎಲ್ಲರಿಗೂ ನಮಸ್ಕಾರ. ಬೌದ್ಧಧರ್ಮವನ್ನು ಓದಲು ಹೊರಟವರಲ್ಲಿ ಹಲವರು ಮೊದಲು ಕೇಳುವುದು ಶೂನ್ಯತೆಯ ಬಗ್ಗೆ, ಅಂದರೆ ಯಾವುದಕ್ಕೂ ತನ್ನದೇ ಆದ ಸ್ವಭಾವವಿಲ್ಲ ಎಂಬ ತತ್ತ್ವದ ಬಗ್ಗೆ, ಯಾವ ಪುಸ್ತಕ ಒಳ್ಳೆಯದು ಎಂದು. ದಾನ, ಶೀಲ, ಕರ್ಮ, ಸಾವಿನ ಚಿಂತನೆ ಇವೆಲ್ಲ ಗೊತ್ತಿರುವ ವಿಷಯಗಳೇ, ನೇರವಾಗಿ ಆ ತತ್ತ್ವವನ್ನು ಪ್ರತಿಪಾದಿಸಿದ ನಾಗಾರ್ಜುನನ ಬಳಿಗೆ ಹೋಗಬಹುದಲ್ಲ ಎಂಬ ಆತುರ ಆ ಪ್ರಶ್ನೆಯ ಹಿಂದಿರುತ್ತದೆ. ಈ ಆತುರ ದಾರಿ ತಪ್ಪಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆರಂಭದ ಪಾಠದಲ್ಲಿ ಬುದ್ಧಿಗೆ ಆಗಬೇಕಾದ ಪಳಗಿಕೆ ಆಗದಿದ್ದರೆ ಕೊನೆಯ ಪಾಠ ತಲೆಕೆಳಗಾಗಿಯೇ ಅರ್ಥವಾಗುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಟಿಬೆಟಿನ ಬೌದ್ಧರ ಸೆರಾ ಮಠವಿದೆ. ಅಲ್ಲಿ ಭಿಕ್ಷುಗಳು ವಾದ ಮಾಡುವ ಅಂಗಳದಲ್ಲಿ ಉತ್ತರ ಹೇಳುವವನು ನೆಲದ ಮೇಲೆ ಕುಳಿತಿರುತ್ತಾನೆ, ಪ್ರಶ್ನೆ ಕೇಳುವವನು ನಿಂತು, ಎಡಗಾಲನ್ನು ನೆಲಕ್ಕೆ ಅಪ್ಪಳಿಸುತ್ತಾ ಅಂಗೈಗೆ ಅಂಗೈ ತಟ್ಟುತ್ತಾನೆ. ಹೊಸಬರ ಪಾಠಕ್ಕೆ 'ದುರಾ' ಎಂದು ಹೆಸರು. ಅದು ಶುರುವಾಗುವುದು ಬಣ್ಣಗಳಿಂದ. ಬಣ್ಣವಾದುದೆಲ್ಲ ಕೆಂಪೇ ಎಂದು ನಿಂತವನು ಕೇಳುತ್ತಾನೆ. ಕುಳಿತ ಹುಡುಗ ಹೌದೆಂದರೆ, ಹಾಗಾದರೆ ಬಿಳಿ ಶಂಖದ ಬಣ್ಣವೂ ಕೆಂಪಾಗಬೇಕು, ಅದೂ ಬಣ್ಣವೇ ಆದ್ದರಿಂದ ಎಂಬ ಪೆಟ್ಟು ಬೀಳುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: 'ಬಿಳಿ ಶಂಖದ ಬಣ್ಣ' ಎನ್ನುವ ಬದಲು ಬರಿದೇ 'ಬಿಳಿ ಶಂಖ' ಎಂದರೆ ವಾದ ಕುಸಿಯುತ್ತದೆ, ಏಕೆಂದರೆ ಶಂಖ ಒಂದು ವಸ್ತು, ಅದು ಬಣ್ಣವಲ್ಲ. ವಸ್ತು ಬೇರೆ, ಅದರ ಗುಣ ಬೇರೆ ಎಂಬುದನ್ನು ಆ ಹುಡುಗರು ತಿಂಗಳುಗಟ್ಟಲೆ ಕೂಗಿ ಕೂಗಿ ಮೈಗೂಡಿಸಿಕೊಳ್ಳುತ್ತಾರೆ.

ಎಷ್ಟೋ ವರ್ಷಗಳ ನಂತರ, ಶೂನ್ಯತೆಯನ್ನು ವಿವರಿಸುವ ಚಂದ್ರಕೀರ್ತಿಯ 'ಮಧ್ಯಮಕಾವತಾರ'ವನ್ನು ಓದುವಾಗ ಅವರಿಗೆ ನೆರವಾಗುವುದು ಇದೇ ಅಭ್ಯಾಸವೆಂದು ನನಗನ್ನಿಸುತ್ತದೆ. ಮಡಕೆಗೆ ತನ್ನದೇ ಆದ ಸ್ವಭಾವವಿಲ್ಲ ಎನ್ನುವುದು ಒಂದು ಮಾತು, ಮಡಕೆಯೇ ಇಲ್ಲ ಎನ್ನುವುದು ಬೇರೆಯೇ ಮಾತು. ಶಂಖವನ್ನೂ ಅದರ ಬಣ್ಣವನ್ನೂ ಬೇರ್ಪಡಿಸಿ ನೋಡಲು ಕಲಿತವನು ಈ ಎರಡನ್ನು ಸುಲಭವಾಗಿ ಕಲಸುವುದಿಲ್ಲ. ಕಲಿಯದೆ ಬಂದವರು ಕಲಸುತ್ತಾರೆ, ಎಲ್ಲವೂ ಶೂನ್ಯವಾದ ಮೇಲೆ ಪಾಪವೇನು ಪುಣ್ಯವೇನು ಎನ್ನುವಲ್ಲಿಗೆ ಬಂದು ನಿಲ್ಲುತ್ತಾರೆ. ತಪ್ಪಾಗಿ ಹಿಡಿದ ಹಾವಿನಂತೆ ಶೂನ್ಯತೆಯೂ ಹಿಡಿದವನನ್ನೇ ಕೆಡಿಸುತ್ತದೆ ಎಂದು ಸ್ವತಃ ನಾಗಾರ್ಜುನನೇ ಎಚ್ಚರಿಸಿದ್ದು ಇಂಥವರನ್ನು ಕಂಡೇ ಇರಬೇಕು.

ಈ ಕ್ರಮ ಟಿಬೆಟಿನವರು ಹೊಸದಾಗಿ ಹುಟ್ಟಿಸಿದ್ದೂ ಅಲ್ಲ. ಯಶ ಎಂಬ ಯುವಕನಿಗಾಗಲಿ ಉಪಾಲಿ ಎಂಬ ಗೃಹಪತಿಗಾಗಲಿ ಬುದ್ಧ ಮೊದಲು ಹೇಳಿದ್ದು ದಾನದ ಮಾತು, ಆಮೇಲೆ ಶೀಲದ ಮಾತು. ಕಲೆಯಿಲ್ಲದ ಬಟ್ಟೆ ಬಣ್ಣ ಹೀರಲು ಸಿದ್ಧವಾಗಿರುವಂತೆ ಕೇಳುವವನ ಮನಸ್ಸು ಹದವಾದ ಮೇಲೆಯೇ ನಾಲ್ಕು ಆರ್ಯಸತ್ಯಗಳು ಬಂದವು. ವಿಕ್ರಮಶಿಲಾ ಮಹಾವಿಹಾರದಲ್ಲಿದ್ದ ಬಂಗಾಳದ ಆಚಾರ್ಯ ಅತೀಶ 1042ರಲ್ಲಿ ಪಶ್ಚಿಮ ಟಿಬೆಟಿಗೆ ಹೋಗಿ ಬರೆದ 'ಬೋಧಿಪಥಪ್ರದೀಪ'ವು ಸಾಧಕರನ್ನು ಅಧಮ, ಮಧ್ಯಮ, ಉತ್ತಮ ಎಂದು ಮೂರು ಬಗೆಯಾಗಿ ನೋಡಿತು. ಅದನ್ನೇ ಆಧರಿಸಿ ಟಿಬೆಟಿನ ಗುರು ತ್ಸೋಂಖಾಪಾ 1402ರಲ್ಲಿ ಬೃಹತ್ತಾದ 'ಲಾಮ್‌ರಿಮ್' (ದಾರಿಯ ಹಂತಗಳು) ಗ್ರಂಥವನ್ನು ರಚಿಸಿದರು. 'ಅಧಮ' ಎಂಬ ಪದ ನಮ್ಮ ಕಿವಿಗೆ ಚುಚ್ಚುತ್ತದೆ ನಿಜ, ಆದರೆ ಆ ಮೊದಲ ಹಂತಕ್ಕೆ ಹೇಳಿದ ಸಾವಿನ ಚಿಂತನೆಯನ್ನೂ ಕರ್ಮದ ವಿಚಾರವನ್ನೂ ಉತ್ತಮ ಸಾಧಕನು ಬಿಟ್ಟುಬಿಡುವುದಿಲ್ಲ. ತನ್ನ ಸಾವಿನ ನೆನಪು ಮನಸ್ಸಿಗೆ ನಾಟದವನಿಗೆ ಸಮಸ್ತ ಜೀವಿಗಳ ಸಂಕಟದ ಮೇಲಿನ ಕರುಣೆ ಬಾಯಿಮಾತಾಗಿಯೇ ಉಳಿಯುತ್ತದೆ.

ಮೆಟ್ಟಿಲೇ ಬೇಡ, ಅರಿವು ಒಮ್ಮೆಲೇ ಮೂಡುತ್ತದೆ ಎನ್ನುವ ಪಕ್ಷವೂ ಇದೆ, ಅದನ್ನು ಹಗುರವಾಗಿ ಕಾಣಬಾರದು. ಎಂಟನೆಯ ಶತಮಾನದ ಕೊನೆಯಲ್ಲಿ ಚೀನದ ಭಿಕ್ಷುವೊಬ್ಬರು ಹಾಗೆ ವಾದಿಸಿದಾಗ ಭಾರತದ ಆಚಾರ್ಯ ಕಮಲಶೀಲ ಟಿಬೆಟಿನ ಸಾಮ್ಯೆ ಮಠದಲ್ಲಿ ಅವರನ್ನು ಎದುರಿಸಿ ಗೆದ್ದರೆಂದು ಟಿಬೆಟಿನ ಪರಂಪರೆ ಹೇಳುತ್ತದೆ. ನನ್ನ ಒಲವು ಕಮಲಶೀಲರ ಕಡೆಗಿದೆ.

ಆದರೆ ಕ್ರಮವನ್ನು ಒಪ್ಪುವವರು ಒಂದು ಅನ್ಯಾಯವನ್ನೂ ಒಪ್ಪಿಕೊಳ್ಳಬೇಕು. ಈ ಮೆಟ್ಟಿಲುಗಳ ತುದಿಯಲ್ಲಿರುವ, ಟಿಬೆಟಿನ ಮಠಗಳ ಉನ್ನತ ವಿದ್ವತ್ಪದವಿಯಾದ ಗೆಶೆ ಪದವಿ ಶತಮಾನಗಳ ಕಾಲ ಭಿಕ್ಷುಗಳಿಗಷ್ಟೇ ಮೀಸಲಾಗಿತ್ತು. 2016ರ ಡಿಸೆಂಬರಿನಲ್ಲಿ ನಮ್ಮ ಮುಂಡಗೋಡಿನಲ್ಲಿ 20 ಮಂದಿ ಭಿಕ್ಷುಣಿಯರು ದಲೈ ಲಾಮಾ ಅವರಿಂದ ಗೆಶೆಮಾ, ಅಂದರೆ ಮಹಿಳೆಯರ ಗೆಶೆ, ಪದವಿ ಪಡೆದರು. ಕ್ರಮ ಒಳ್ಳೆಯದು ಎಂದು ಹೇಳುವ ಹಕ್ಕು ನಮಗೆ ಬರುವುದು ಅದು ಎಲ್ಲರಿಗೂ ತೆರೆದಾಗ ಮಾತ್ರ.

ಇನ್ನು ಸೆರಾದಂಥ ಮಠಗಳ ಪಠ್ಯಕ್ರಮದಲ್ಲಿ ನನಗೆ ತುಂಬ ಹಿಡಿಸಿದ್ದು, ಶೂನ್ಯತೆಯ ತರಗತಿ ಅಲ್ಲಿ ಕೊನೆಯದಲ್ಲ ಎಂಬುದು. ಶೂನ್ಯತೆಯನ್ನು ಬೋಧಿಸುವ ಮಾಧ್ಯಮಿಕ ದರ್ಶನ ಮುಗಿದ ಮೇಲೆ ವಸುಬಂಧುವಿನ 'ಅಭಿಧರ್ಮಕೋಶ'ವೂ ಭಿಕ್ಷುಗಳ ನಡವಳಿಕೆಯ ನಿಯಮಗಳನ್ನು ಹೇಳುವ ಗುಣಪ್ರಭನ 'ವಿನಯಸೂತ್ರ'ವೂ ಬರುತ್ತವೆ. ಮಡಕೆಗೆ ಸ್ವಭಾವವಿಲ್ಲವೆಂದು ವರ್ಷಗಟ್ಟಲೆ ವಾದಿಸಿದ ಭಿಕ್ಷು ಆಮೇಲೆ ಕುಳಿತು ಓದುವುದು ಚೀವರ, ಭಿಕ್ಷಾಪಾತ್ರೆಗಳ ನಿಯಮಗಳನ್ನು.