ಎನರ್ಜಿ ಬೇರೆ, ಕೊಲೈಡರ್ ಬೇರೆ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದೆ. "ಪ್ಲಾಸ್ಮಾದಲ್ಲಿ ಒಂದೇ ಮೀಟರ್‌ನಲ್ಲಿ ಆಗುವ ಕೆಲಸಕ್ಕೆ ಸರ್ನ್‌ನವರು 91 ಕಿಲೋಮೀಟರ್ ಸುರಂಗ ಯಾಕೆ ತೋಡಬೇಕು?" ಅದಕ್ಕೆ ಲೈಕ್ ಮೇಲೆ ಲೈಕ್! ಇಲ್ಲಿ ಕೆಲಸ ಅಂದರೆ ಕಣಗಳಿಗೆ ಎನರ್ಜಿ ತುಂಬುವುದು. ಹಾಗೆ ಓಡಿಸಿದ ಕಣಗಳನ್ನು ಎದುರುಬದುರು ಡಿಕ್ಕಿ ಹೊಡೆಸುವ ಯಂತ್ರವೇ ಕೊಲೈಡರ್. ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್ ತನ್ನ ಮುಂದಿನ ಕೊಲೈಡರ್‌ಗಾಗಿ ಆ ಸುರಂಗದ ಯೋಜನೆ ಹಾಕಿದೆ. ಪ್ಲಾಸ್ಮಾ ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಬಿಡಿಸಿಕೊಂಡಿರುವ ಅನಿಲ.

ಪ್ಲಾಸ್ಮಾ ಐಡಿಯಾ ಅದ್ಭುತ, ಒಪ್ಪುತ್ತೇನೆ. 1979ರಲ್ಲಿ ಭೌತವಿಜ್ಞಾನಿಗಳಾದ ತಾಜಿಮಾ ಮತ್ತು ಡಾಸನ್ ಇದನ್ನು ಮುಂದಿಟ್ಟರು. ಪ್ಲಾಸ್ಮಾದೊಳಗೆ ಲೇಸರ್ ಅಥವಾ ಕಣಗಳ ಗುಂಪು ನುಗ್ಗಿದರೆ, ದೋಣಿಯ ಹಿಂದೆ ನೀರು ಏಳುವ ಹಾಗೆ ಅಲೆ ಏಳುತ್ತದೆ. ಎಲೆಕ್ಟ್ರಾನ್ ಅದರ ಮೇಲೆ ಸವಾರಿ ಮಾಡುತ್ತದೆ. ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ 42 ಜಿಇವಿ (ಕಣಗಳ ಎನರ್ಜಿ ಅಳೆಯುವ ಮಾನ) ಗಳಿಸಲು ಎಲೆಕ್ಟ್ರಾನ್‌ಗಳು 3 ಕಿಲೋಮೀಟರ್ ಓಡಬೇಕಿತ್ತು. 2007ರ ಪ್ರಯೋಗದಲ್ಲಿ ಅವುಗಳಲ್ಲಿ ಕೆಲವು ಬರೀ 85 ಸೆಂಟಿಮೀಟರ್ ಪ್ಲಾಸ್ಮಾದಲ್ಲಿ ಮತ್ತೆ ಅಷ್ಟೇ ಎನರ್ಜಿ ಗಳಿಸಿದವು. ಮೊದಲು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಆದರೆ 'ಕೆಲವು' ಅಂದೆ, ಗಮನಿಸಿದಿರಾ? ಗುಂಪಿನ ಬಾಲದಲ್ಲಿದ್ದ ಕೆಲವೇ ಕೆಲವು. ಮುಂದಿದ್ದವು ಎನರ್ಜಿ ಕಳೆದುಕೊಂಡವು. ಕೊಲೈಡರ್‌ಗೆ ಇದು ಸಾಲದು. ಕೋಟಿಗಟ್ಟಲೆ ಕಣಗಳು ಹೆಚ್ಚುಕಡಿಮೆ ಒಂದೇ ಎನರ್ಜಿಯಲ್ಲಿ ಬರಬೇಕು. ನ್ಯಾನೋಮೀಟರ್ ಲೆಕ್ಕದ ಜಾಗದಲ್ಲಿ ಡಿಕ್ಕಿ ಹೊಡೆಯಬೇಕು. ಅದೂ ಸೆಕೆಂಡಿಗೆ ಸಾವಿರಾರು ಸಲ. ಎನರ್ಜಿ ಬೇರೆ, ಕೊಲೈಡರ್ ಬೇರೆ!

"ಸರ್ನ್‌ನಲ್ಲೇ ಅವೇಕ್ ಅನ್ನೋ ಪ್ಲಾಸ್ಮಾ ಪ್ರಯೋಗ 10 ಮೀಟರ್‌ನಲ್ಲಿ ಮಾಡಿ ತೋರಿಸಿತಲ್ಲ" ಅಂತೀರಾ? 2018ರಲ್ಲಿ ತೋರಿಸಿತು, 2 ಜಿಇವಿ. ಆ ಅಲೆ ಎಬ್ಬಿಸಿದ ಪ್ರೋಟಾನ್‌ಗಳು ಎಲ್ಲಿಂದ ಬಂದವು? ಸುಮಾರು 7 ಕಿಲೋಮೀಟರ್ ಸುತ್ತಳತೆಯ ಎಸ್‌ಪಿಎಸ್ ಎಂಬ ವೇಗವರ್ಧಕ ಯಂತ್ರದಿಂದ. ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದೇ ಇಲ್ಲ.

ಪಾಸಿಟ್ರಾನ್ ಕಥೆ ಇನ್ನೂ ಕಷ್ಟ. ಎಲೆಕ್ಟ್ರಾನ್‌ನಂತೆಯೇ ಇದ್ದು ಪಾಸಿಟಿವ್ ಚಾರ್ಜ್ ಇರುವ ಕಣ ಅದು; ಇಂಥ ಕೊಲೈಡರ್‌ನಲ್ಲಿ ಎಲೆಕ್ಟ್ರಾನ್‌ಗೆ ಎದುರಿನಿಂದ ಬಂದು ಡಿಕ್ಕಿ ಹೊಡೆಯಬೇಕಾದ್ದು ಅದೇ. ಅಲೆಯೊಳಗಿನ ಗುಳ್ಳೆಯಲ್ಲಿ ಪ್ಲಾಸ್ಮಾದ ಎಲೆಕ್ಟ್ರಾನ್‌ಗಳು ಬದಿಗೆ ಸರಿದು ಪಾಸಿಟಿವ್ ಅಯಾನ್‌ಗಳು ಉಳಿಯುತ್ತವೆ. ಅವು ಎಲೆಕ್ಟ್ರಾನ್ ಗುಂಪನ್ನು ಒಟ್ಟಾಗಿ ಹಿಡಿದಿಡುತ್ತವೆ. ಪಾಸಿಟ್ರಾನ್ ಬಿಟ್ಟರೆ? ಆಚೆ ತಳ್ಳಿ ಚದುರಿಸುತ್ತವೆ. ಅದಕ್ಕೇ 2023ರ ಹಾಲ್ಫ್ ಎಂಬ ಕೊಲೈಡರ್ ಯೋಜನೆಯಲ್ಲಿ ಎಲೆಕ್ಟ್ರಾನ್‌ಗೆ ಮಾತ್ರ ಪ್ಲಾಸ್ಮಾ, 500 ಜಿಇವಿವರೆಗೆ. ಪಾಸಿಟ್ರಾನ್‌ಗೆ ರೇಡಿಯೋ ಅಲೆಗಳಿಂದ ತಳ್ಳುವ ಹಳೆಯ ಆರ್‌ಎಫ್ ದಾರಿಯೇ, 31 ಜಿಇವಿ. ಪ್ಲಾಸ್ಮಾದವರೇ ಪಾಸಿಟ್ರಾನನ್ನು ಪಕ್ಕಕ್ಕಿಟ್ಟರು, ಸ್ವಾಮಿ! ನೀವು ಕಾಮೆಂಟ್‌ನಲ್ಲಿ ಒಂದೇ ಸಾಲಿನಲ್ಲಿ ಬಗೆಹರಿಸಿಬಿಟ್ಟಿರಾ?

ಪ್ಲಾಸ್ಮಾ ಬೇಡ ಅಂತ ನಾನು ಹೇಳುತ್ತಲೇ ಇಲ್ಲ. ಬೇಕು, ತುಂಬಾ ಬೇಕು. ನಾಳೆಯೇ ಆಗುತ್ತೆ ಅಂತ ಸುಮ್ನೆ ಆಸೆ ಹುಟ್ಟಿಸಿದರೆ ಹಗಲು ರಾತ್ರಿ ದುಡಿಯುವವರಿಗೇ ಅನ್ಯಾಯ, ಅಲ್ವಾ? ಎನರ್ಜಿ ಬೇರೆ. ಕೊಲೈಡರ್ ಬೇರೆ. ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಈಗಲೇ ಆಗಿ. ಮುಂದಿನ ವಿಡಿಯೋ ಮ್ಯೂಆನ್ ಕೊಲೈಡರ್ ಬಗ್ಗೆ. ಆ ಕಾಮೆಂಟ್ ಹಾಕಿದವರೇ, ನೀವೂ ಬನ್ನಿ.